ತಡವಾಗಿ ಕಾಣುವ ಸೋರಿಕೆ

ಆಗದ ಮಾತು ಎಂದವಳು ನನ್ನ ದೊಡ್ಡವ್ವ. ಬಿಜ್ಜರಗಿಯ ಮನೆಯ ಕಟ್ಟೆಯ ಮೇಲೆ ಕುಳಿತು, ಎಲೆಗೆ ಸುಣ್ಣ ಹಚ್ಚುತ್ತ, ನನ್ನ ಮುಖ ಕೂಡ ನೋಡದೆ ಹೇಳಿದ್ದಳು. "ಕುರಿ ಕಾಯೋರ ಮನಿ ಹುಡುಗಿ ದೊಡ್ಡ ದವಾಖಾನ್ಯಾಗ ಮಶೀನ ನಡಸ್ತಾಳ? ಆಗದ ಮಾತು ಬಿಡು. ಓದ್ತೀನಿ ಅಂದ್ರ ಓದು, ಆಸೆ ಇಟಗೋಬ್ಯಾಡ."

ಓದಿದೆ. ನಮ್ಮ ಮನೆತನದಲ್ಲಿ ಪದವಿ ಕಂಡವಳು ನಾನೇ ಮೊದಲು. ಅಪ್ಪ ಅವ್ವ ಕುರಿ ಹಿಂಡಿನ ಹಿಂದೆ ವರ್ಷದಲ್ಲಿ ಅರ್ಧ ಊರಾಚೆಯೇ ಇರುತ್ತಿದ್ದರು. ನನಗೆ ಸಾಲಿ ತಪ್ಪಬಾರದೆಂದು ಅವ್ವನ ಅಕ್ಕ, ಅಂದರೆ ದೊಡ್ಡವ್ವ, ತನ್ನ ಹತ್ತಿರ ಇಟ್ಟುಕೊಂಡಳು. ಆಗದು ಎಂದವಳೂ ಅವಳೇ, ನಸುಕಿನಲ್ಲಿ ಎಬ್ಬಿಸಿ ರೊಟ್ಟಿ ಕಟ್ಟಿ ಬಸ್ಸು ಹತ್ತಿಸಿದವಳೂ ಅವಳೇ. ನಮ್ಮಿಬ್ಬರಲ್ಲಿ ಒಂದು ರೂಢಿ ಬೆಳೆದಿತ್ತು. ನಾನು ತಂದ ಪ್ರತಿ ಅಂಕಪಟ್ಟಿ ಮೊದಲು ಅವಳ ಕೈಗೆ ಹೋಗಬೇಕು. ಅವಳಿಗೆ ಓದಲು ಬರುವುದಿಲ್ಲ. ಭಂಡಾರದ, ಅಂದರೆ ದೇವರ ಅರಿಸಿನದ, ಬಟ್ಟಲಿನಲ್ಲಿ ಹೆಬ್ಬೆರಳು ಅದ್ದಿ ಕಾಗದದ ಮೂಲೆಗೆ ಒತ್ತಿ, ದೇವರ ಮುಂದೆ ಇಟ್ಟು, ಆಮೇಲೆ "ತಗೋ, ಇನ್ನ ನಿಂದು" ಎನ್ನುತ್ತಿದ್ದಳು. ನನ್ನ ಪದವಿ ಪ್ರಮಾಣಪತ್ರದ ಮೂಲೆಯಲ್ಲೂ ಆ ಹಳದಿ ಗುರುತು ಇದೆ. ಕೆಲಸಕ್ಕೆ ಸೇರುವಾಗ ಕಾಗದ ನೋಡಿದವರು ಇದೇನು ಕಲೆ ಎಂದು ಕೇಳಿದರು. ನಮ್ಮ ಮನೆಯ ಸೀಲು ಎಂದೆ.

ವಿಜಯಪುರದ ಒಂದು ಆಸ್ಪತ್ರೆಯಲ್ಲಿ ನಾನು ಸಿ.ಟಿ. ಸ್ಕ್ಯಾನ್ ಯಂತ್ರ ನಡೆಸುತ್ತೇನೆ. ದೊಡ್ಡವ್ವನದೂ ಒಂದು ರೀತಿಯಲ್ಲಿ ಹೊಟ್ಟೆಯೊಳಗೆ ನೋಡುವ ಕೆಲಸವೇ. ಹೊಕ್ಕುಳ ಸರಿದಿದೆ ಎಂದು ಬಂದವರನ್ನು ಬರಿಹೊಟ್ಟೆಯಲ್ಲಿ ಅಂಗಾತ ಮಲಗಿಸಿ, ನಾಲ್ಕು ಬೆರಳು ಊರಿ ಬಡಿತ ಹುಡುಕುತ್ತಾಳೆ. ಬಡಿತ ಹೊಕ್ಕುಳಲ್ಲೇ ಸಿಕ್ಕರೆ ಸರಿ. ಮೇಲೋ ಪಕ್ಕಕ್ಕೋ ಸಿಕ್ಕರೆ ಎಣ್ಣೆ ಹಚ್ಚಿ ತಿಕ್ಕಿ ಜಾಗಕ್ಕೆ ತರುತ್ತಾಳೆ. ಅವಳ ಬೆರಳಿಗೆ ಸಿಗುವ ಆ ಬಡಿತ ಹೃದಯದಿಂದ ಇಳಿಯುವ ಮಹಾಧಮನಿಯದು ಎಂದು ನನಗೆ ಗೊತ್ತಾದದ್ದು ಕಾಲೇಜಿನ ಎರಡನೆಯ ವರ್ಷದಲ್ಲಿ. ಊರಿಗೆ ಬಂದು ಹೇಳಿದರೆ ನಕ್ಕಳು. "ನಿಮ್ಮ ಬುಕ್ಕಿನವರು ಈಗ ಹುಡಿಕ್ಯಾರೇನು?"

ಒಂದು ಬೆಳಿಗ್ಗೆ ತಿಕೋಟಾದಿಂದ ಒಬ್ಬ ವಯಸ್ಸಾದ ದರ್ಜಿ ಅವಳ ಹತ್ತಿರ ಬಂದ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವನು. ಇಡೀ ತಿಕೋಟಾ ಅವನನ್ನು ಚಾಚಾ ಎನ್ನುತ್ತದೆ. ಹೊಟ್ಟೆ ಭಾರ ಎಂದು ಬಂದಿದ್ದ. ದೊಡ್ಡವ್ವ ಬೆರಳು ಊರಿದವಳೇ ತೆಗೆದುಬಿಟ್ಟಳಂತೆ. ಎಣ್ಣೆ ಮುಟ್ಟಲಿಲ್ಲ. "ಇದು ಹೊಕ್ಕಳ ಸರದದ್ದಲ್ಲೋ ಯಪ್ಪಾ. ಒಳಗ ಏನೋ ಕುಣಿಯಾಕತ್ತೈತಿ. ನನ್ನ ತಂಗಿ ಮಗಳ ಹಂತೇಲಿ ಹೋಗು" ಎಂದು ಮುಂದಿನ ಬಸ್ಸಿಗೇ ವಿಜಯಪುರಕ್ಕೆ ಕಳಿಸಿದಳು. ಸ್ಕ್ಯಾನಿನಲ್ಲಿ ಮಹಾಧಮನಿ ಹೊಟ್ಟೆಯ ಭಾಗದಲ್ಲಿ ಬಲೂನಿನಂತೆ ಉಬ್ಬಿತ್ತು. ತಿಕ್ಕಿದ್ದರೆ ಅಲ್ಲಿಯೇ ಒಡೆಯಬಹುದಿತ್ತು ಎಂದರು ನಮ್ಮ ರೇಡಿಯಾಲಜಿಸ್ಟ್ ಡಾಕ್ಟರು. ಆ ದಿನ ನನಗಿದ್ದ ಹೆಮ್ಮೆಗೆ ನನ್ನ ಪದವಿಯೂ ಸಮವಲ್ಲ.

ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬರುವ ರಕ್ತನಾಳದ ಸರ್ಜನ್ ಚಾಚಾನನ್ನು ತಮ್ಮ ದೊಡ್ಡ ಊರಿಗೆ ಕರೆಸಿಕೊಂಡು ರಿಪೇರಿ ಮಾಡಿದರು. ಹೊಟ್ಟೆ ಕೊಯ್ಯಲಿಲ್ಲ. ತೊಡೆಯ ಸಂದಿಯ ರಕ್ತನಾಳದಿಂದ ಒಂದು ಕೊಳವೆ ಏರಿಸಿ ಉಬ್ಬಿನ ಒಳಗೆ ಕೂರಿಸಿದರು. ತಂತಿಯ ಚೌಕಟ್ಟು, ಅದಕ್ಕೆ ಬಟ್ಟೆಯ ಹೊದಿಕೆ. ರಕ್ತ ಇನ್ನು ಈ ಕೊಳವೆಯಲ್ಲೇ ಹರಿಯುತ್ತದೆ, ಹಳೆಯ ಉಬ್ಬಿನ ಗೋಡೆಗೆ ಒತ್ತಡ ತಾಗುವುದಿಲ್ಲ, ಅಲ್ಲಿನ ಕುಣಿತವೂ ತಗ್ಗಬೇಕು. ಚಾಚಾನಿಗೆ ಇದು ಥಟ್ಟನೆ ತಿಳಿಯಿತು. "ಒಳಗ ಅಸ್ತರ ಕೊಟ್ಟಾರ ಅನ್ನು."

ಅಸ್ತರ ಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಹಳೆಯ ಉಬ್ಬು ಹೊರಗೆ ಹಾಗೆಯೇ ಇರುತ್ತದೆ. ಕೊಳವೆ ಮೇಲೆ ಕೆಳಗೆ ಸರಿಯಬಹುದು, ಅಂಚಿನಲ್ಲಿ ಸಡಿಲಾಗಬಹುದು. ಬೆನ್ನಿನ ಕಡೆಯ ಸಣ್ಣ ರಕ್ತನಾಳಗಳಿಂದ ರಕ್ತ ಹಿಂದಕ್ಕೆ ಹರಿದು ಉಬ್ಬನ್ನು ಮತ್ತೆ ತುಂಬಬಹುದು. ಇದಾವುದಕ್ಕೂ ನೋವಿರಬೇಕೆಂದಿಲ್ಲ. ಅದಕ್ಕೇ ಒಂದು ತಿಂಗಳಾದ ಮೇಲೆ ಒಂದು ಸ್ಕ್ಯಾನ್, ಆಮೇಲೆ ವರ್ಷಕ್ಕೊಂದು, ಬದುಕಿರುವವರೆಗೆ. ನಮ್ಮ ಡಾಕ್ಟರು ಈ ರೋಗಿಗಳಿಗೆ ಮೂರು ಸುತ್ತು ಸ್ಕ್ಯಾನ್ ಮಾಡಿಸುತ್ತಾರೆ. ಮೊದಲನೆಯದು ಔಷಧವಿಲ್ಲದೆ. ಎರಡನೆಯದು, ಕೈಯ ನರದಿಂದ ಬಿಟ್ಟ, ರಕ್ತವನ್ನು ಚಿತ್ರದಲ್ಲಿ ಬೆಳ್ಳಗೆ ತೋರಿಸುವ ಕಾಂಟ್ರಾಸ್ಟ್ ಔಷಧ ಮಹಾಧಮನಿಯಲ್ಲಿ ತುಂಬಿ ಹರಿಯುವಾಗ. ಮೂರನೆಯದು, ಸ್ವಲ್ಪ ಹೊತ್ತು ಕಾದು. ನಿಧಾನದ ಸೋರಿಕೆ ಎರಡನೆಯ ಸುತ್ತಿನಲ್ಲಿ ಕಾಣದೆ ಹೋಗಬಹುದು. ಔಷಧ ಆ ಸಣ್ಣ ದಾರಿಗಳಲ್ಲಿ ಸುತ್ತಿ ಬರಲು ಹೊತ್ತು ಬೇಕು.

ಚಾಚಾನ ಮೊದಲ ತಿಂಗಳ ಸ್ಕ್ಯಾನ್ ಚೊಕ್ಕವಾಗಿತ್ತು. ಡಾಕ್ಟರಿಗೆ ಮುಂದಿನದೇ ಚಿಂತೆ. "ಬ್ಯಾನಿ ಇಲ್ಲದ ಮಂದಿ ವರ್ಷ ಬಿಟ್ಟು ತಾವಾಗಿ ಬರ್ತಾರೇನವ್ವಾ? ಫೋನ್ ಮಾಡಿದ್ರ ಎತ್ತೂದಿಲ್ಲ" ಎಂದರು. ನಾನು ಮುಂದೆ ಬಿದ್ದು ಹೇಳಿದೆ: ತಿಕೋಟಾ ಕಡೆಯವರನ್ನು ನನಗೆ ಬಿಡ್ರಿ ಸರ್, ನಮ್ಮ ದೊಡ್ಡವ್ವ ಹೇಳಿದರೆ ಬರ್ತಾರ.

ದೊಡ್ಡವ್ವ ಒಪ್ಪಿದಳು. ಇಂಥ ಕೊಳವೆ ಹಾಕಿಸಿಕೊಂಡವರು ನಮ್ಮ ಲೆಕ್ಕದಲ್ಲಿ ಕೆಲವೇ ಜನ. ಅವರ ಹೊಟ್ಟೆ ತಿಕ್ಕಬಾರದು, ಸ್ಕ್ಯಾನಿನ ದಿನ ಬಂದಾಗ ನಾನು ಫೋನ್ ಮಾಡುತ್ತೇನೆ, ನೀನು ಹೇಳಿಕಳಿಸಬೇಕು ಎಂದೆ. "ಆತೇಳು. ನಿನ್ನ ದವಾಖಾನಿಗೆ ನಾ ಡಂಗುರ ಸಾರಾಕಿ ಆದ್ನಿ" ಎಂದು ನಕ್ಕಳು. ಖುಷಿಯ ನಗುವೇ ಅದು.

ಇಟ್ಟಂಗಿಹಾಳಕ್ಕೆ ಮದುವೆಯಾಗಿ ಹೋಗಿದ್ದ ನಾನು ಆ ವರ್ಷವೇ ಬಸಿರಾದೆ. ಗೊತ್ತಾದ ದಿನವೇ ಆಸ್ಪತ್ರೆಗೆ ಹೇಳಿದೆ, ನಿಯಮದಂತೆ ನನ್ನನ್ನು ಸ್ಕ್ಯಾನ್ ಕೋಣೆಯಿಂದ ತೆಗೆದು ಹೊರಗಿನ ಟೇಬಲ್ಲಿಗೆ ಹಾಕಿದರು. ಆದರೂ ಕೂಸು ನಿಲ್ಲಲಿಲ್ಲ. ಯಾಕೆ ಎಂದು ಯಾರಿಗೂ ಹೇಳಲಾಗಲಿಲ್ಲ. ಕಿರಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೆರಿಗೆ ಡಾಕ್ಟರು ನನಗೂ ನನ್ನ ಗಂಡನಿಗೂ ಕೂರಿಸಿ ಹೇಳಿದರು. ಇಟ್ಟಂಗಿಹಾಳದ ಗಂಡನ ಮನೆಯಿಂದ ದೊಡ್ಡವ್ವ ನನ್ನನ್ನು ಬಿಜ್ಜರಗಿಗೆ ಕರೆದೊಯ್ದು ಆರೈಕೆ ಮಾಡಿದಳು. ಆಗೊಂದು ದಿನ ನನ್ನ ಬ್ಯಾಗಿನಲ್ಲಿದ್ದ ಚಿಕ್ಕ ಬ್ಯಾಡ್ಜು ಅವಳ ಕೈಗೆ ಸಿಕ್ಕಿತು. ಇದೇನು ಎಂದಳು. ಕೆಲಸದಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವುದು, ನನಗೆ ಎಷ್ಟು ಕಿರಣ ತಾಗಿತು ಎಂದು ಅಳೆಯುತ್ತಾರೆ ಎಂದೆ. ಅವಳು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು. ಸೆರಗಿನಿಂದ ಒರೆಸಿ ಬ್ಯಾಗಿಗೆ ಹಾಕಿದಳು.

ನಾನು ಕೆಲಸಕ್ಕೆ ಮರಳಿದೆ. ವಾರ್ಷಿಕ ಸ್ಕ್ಯಾನುಗಳ ಕಾಲ ಬಂತು. ಬಬಲೇಶ್ವರದ ಹಿಟ್ಟಿನ ಗಿರಣಿಯವರು ಡಾಕ್ಟರ ಒಂದು ಫೋನಿಗೆ ಬಂದು ಮಾಡಿಸಿಕೊಂಡು ಹೋದರು. ತಿಕೋಟಾ ಕಡೆಯಿಂದ ಯಾರೂ ಬರಲಿಲ್ಲ. ದೊಡ್ಡವ್ವನಿಗೆ ಫೋನ್ ಮಾಡಿದರೆ ಒಂದೊಂದು ಸಲ ಒಂದೊಂದು ಮಾತು. "ದ್ರಾಕ್ಷಿ ಕಟಾವು ನಡದೈತಿ, ಮುಗೀಲಿ." "ಚಾಚಾ ಸೊಲ್ಲಾಪುರಕ್ಕ ಮಗಳ ಮನಿಗೆ ಹೋಗ್ಯಾನ." "ಹೇಳೇನಿ ಬೇ, ಬರ್ತಾರ." ನಾನು ಅದನ್ನೇ ಒಯ್ದು ಡಾಕ್ಟರಿಗೆ ಹೇಳುತ್ತಿದ್ದೆ. ಅವರು ಒಮ್ಮೆ ಕನ್ನಡಕದ ಮೇಲಿಂದ ನೋಡಿ, "ನನ್ನ ಕಡೆದವ್ರು ಬಂದು ಹೋದ್ರು. ನಿನ್ನ ಊರ ಕಡೆದವ್ರ ಬರವಲ್ರಲ್ಲ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಒಂದು ಸಂಜೆ ಗಾಂಧಿ ಚೌಕದಲ್ಲಿ ನೂಲು ಗುಂಡಿಯ ಅಂಗಡಿಯ ಮುಂದೆ ಚಾಚಾ ಸಿಕ್ಕ. ಬಿಳಿ ಗುಂಡಿಯ ಪೊಟ್ಟಣಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ನನ್ನನ್ನು ಕಂಡು ಮುಖ ಅರಳಿಸಿದ.

"ಬೇಟಿ! ಸಣ್ಣಾಗಿಯಲ್ಲ. ಉಣ್ಣಾಕ ಕೊಡೂದಿಲ್ಲೇನು ದವಾಖಾನಿಯವ್ರು?"

"ಸೊಲ್ಲಾಪುರದಿಂದ ಯಾವಾಗ ಬಂದ್ರಿ ಚಾಚಾ?"

"ಸೊಲ್ಲಾಪುರ? ನಾ ಎಲ್ಲಿ ಹೋಗೇನಿ? ಸಾಲಿ ಚಾಲೂ ಆಗೂ ಹೊತ್ನಾಗ ದರ್ಜಿ ಊರ ಬಿಡ್ತಾನೇನು?"

"ಮತ್ತ ಸ್ಕ್ಯಾನಿಗೆ ಯಾಕ ಬರಲಿಲ್ಲ?"

ಅವನಿಗೆ ಆಶ್ಚರ್ಯ. "ಬ್ಯಾಡ ಅಂದ್ಲಲ್ಲ ನಿನ್ನ ದೊಡ್ಡವ್ವ! ತಾನ ಕೈ ಇಟ್ಟು ನೋಡ್ಯಾಳ. ಬಡಿತ ಬಂದ್ ಆಗೇತಿ, ಎಲ್ಲಾ ಚಲೋ ಐತಿ, ಇನ್ನ ಆ ಮಶೀನಿನ್ಯಾಗ ಮಕ್ಕೋಬ್ಯಾಡ ಅಂದ್ಲು. ನಿನಗ ಹೇಳೇ ಇರ್ತಾಳ ಅಂತ ನಾ ಸುಮ್ಮನದೀನಿ. ನನಗಟ್ಟ ಅಲ್ಲ, ನಮ್ಮ ಕಡೆ ಎಲ್ಲಾರಿಗೂ ಹಂಗ ಹೇಳ್ಯಾಳ."

ಮಾತಾಡುತ್ತಲೇ ಸೊಂಟದ ಹಿಂದೆ ಕೈಯಿಟ್ಟು ಒತ್ತಿಕೊಂಡ. ಬೆನ್ನು ನೋಯುತ್ತದೆಯೇ ಎಂದೆ. "ಕುಂತ ಕುಂತ ಹೊಲಿಯೋರಿಗೆ ನೋಯೂದ ಏನು ಹೊಸಾದು?" ಎಂದು ನಕ್ಕ. ನಾನು ನಗಲಿಲ್ಲ. ಚೌಕದ ಆಟೋಗಳ ಗದ್ದಲದಲ್ಲಿ ನಿಂತು ಆ ಎಲ್ಲ ಫೋನ್ ಮಾತುಗಳನ್ನು ಒಂದೊಂದಾಗಿ ನೆನೆದೆ. ಕಟಾವು. ಸೊಲ್ಲಾಪುರ. ಹೇಳೇನಿ ಬೇ.

ಮರುದಿನ ರಜೆ ಹಾಕಿ ಬಿಜ್ಜರಗಿಗೆ ಹೋದೆ. ದೊಡ್ಡವ್ವ ಹಿತ್ತಿಲಲ್ಲಿ ಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ಚಾಚಾ ಸಿಕ್ಕಿದ್ದ ಎಂದೆ, ಅಷ್ಟೇ. ಅವಳಿಗೆ ತಿಳಿಯಿತು. ಸೊಪ್ಪಿನ ಹೊರೆ ಕೆಳಗಿಟ್ಟಳು.

"ಯಾಕ ಬೇ ಹಿಂಗ ಮಾಡಿದಿ?"

"ನೀ ಬಾ, ಉಣ್ಣು ಮೊದಲ."

"ಯಾಕ ಮಾಡಿದಿ ಅಂದ್ರ!"

ಆಗ ಅವಳ ದನಿಯೂ ಏರಿತು. "ಆ ಮಂದಿ ವರ್ಷಕ್ಕ ಒಮ್ಮಿ ಬರ್ತಾರ, ನೀ ದಿನಾ ಅದರಾಗ ಇರ್ತಿ. ಒಬ್ಬೊಬ್ಬ ಬಂದಾಗೂ ನಿನಗ ಬಡೀತೈತಿ. ಎಷ್ಟ ಬಡಿತು ಅಂತ ಅಳ್ಯಾಕ ಎದಿಗೆ ಚೀಟಿ ಕಟ್ಯಾರ. ಏನೂ ಆಗೂದಿಲ್ಲಂದ್ರ ಅಳೀತಾರೇನು? ಒಂದ ಕೂಸು ಹೋತು. ಇನ್ನೊಂದು ಹೋಗ್ಲಿ ಅಂತ ಮಂದಿನ್ನ ನಾನ ಕಳಿಸ್ಲೇನು, ಈ ಕೈಯಾರೆ?"

ನಾನು ಶಾಲೆಯ ಮಕ್ಕಳಿಗೆ ಹೇಳುವಂತೆ ಹೇಳಿದೆ. ನಾನು ಬೇರೆ ಕೋಣೆಯಲ್ಲಿ ಇರುತ್ತೇನೆ, ನಡುವೆ ಗಾಜು ಇದೆ, ಯಂತ್ರದ ಕಿರಣ ಈಚೆ ಬರುವುದಿಲ್ಲ.

"ಕಾಜಿನ ಹಿಂದ ನಿಂತ್ರ ಬಿಸಲ ಬಡಿಯೂದಿಲ್ಲೇನು?"

"ಅದು ಸೀಸ ಹಾಕಿದ ಕಾಜು ಬೇ."

"ಸೀಸದ್ದರೆ ಇರ್ಲಿ, ಬಂಗಾರದ್ದರೆ ಇರ್ಲಿ. ಕಾಜು ಕಾಜ."

"ನನ್ನ ಕೂಸಿನ ಸಲುವಾಗಿ ಚಾಚಾನ ಜೀವಾ ತಗೀತಿಯೇನು?"

"ಅವಗೇನಾಗೇತಿ? ಬಡಿತ ನಿಂತೈತಿ. ನನ್ನ ಕೈಗೆ ಏನೂ ಹತ್ತಲಿಲ್ಲ" ಎಂದಳು. ಹಾಗೆನ್ನುವಾಗ ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ನನಗೆ ಅದು ಆಗ ಮುಖ್ಯವೆನಿಸಲಿಲ್ಲ.

ಎಲ್ಲರಿಗೂ ಫೋನ್ ಮಾಡಿ ಸ್ಕ್ಯಾನಿಗೆ ಹೋಗಲು ಹೇಳು ಎಂದೆ. ಹೇಳುವುದಿಲ್ಲ ಎಂದಳು. ಉಣ್ಣದೆ ಎದ್ದು ಬಂದೆ. ಆ ಮನೆಯಿಂದ ಉಣ್ಣದೆ ಬಂದದ್ದು ಅದೇ ಮೊದಲು.

ಬಸ್ಸಿನಲ್ಲಿ ಕುಳಿತಾಗ ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಯಿತು. ನನ್ನ ದುಃಖವನ್ನು ನಾನು ಅವಳ ಮಡಿಲಲ್ಲಿ ಹಾಕಿ ಅತ್ತಿದ್ದೆ. ಅವಳು ಅದನ್ನು ತೆಗೆದು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಬೇರೆಯವರ ಜೀವ ಇಟ್ಟು ತೂಗಿದ್ದಳು. ನನ್ನನ್ನು ಒಂದು ಮಾತು ಕೇಳದೆ. ಕೇಳಿದ್ದರೆ ಬೇಡ ಎನ್ನುತ್ತೇನೆಂದು ಗೊತ್ತಿದ್ದೇ ಕೇಳಿರಲಿಲ್ಲ.

ಡಾಕ್ಟರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿಟ್ಟರು. "ಉಳಿದವರನ್ನ ನಾನು ಫೋನ್ ಮಾಡಿ ಕರೀತೀನಿ. ಬೆನ್ನು ನೋವು ಅಂತೀಯಲ್ಲ, ದರ್ಜಿಯವರನ್ನ ಮಾತ್ರ ಕಾಯಿಸಬ್ಯಾಡ" ಎಂದರು.

ಚಾಚಾನಿಗೆ ಫೋನ್ ಮಾಡಿದರೆ ಒಂದೇ ಮಾತು. "ದೊಡ್ಡವ್ವ ಹೇಳ್ಲಿ, ಬರ್ತೀನಿ. ನನ್ನ ಜೀವಾ ಉಳಿಸಿದಾಕಿ ಆಕಿ." ಎರಡು ದಾರಿಗಳಿದ್ದವು. ದೊಡ್ಡವ್ವನ ಕಾಲು ಹಿಡಿದು ಒಪ್ಪಿಸಿ, ಅವಳ ಬಾಯಿಂದಲೇ ಹೇಳಿಸುವುದು. ಎಷ್ಟು ದಿನ ಹಿಡಿಯುತ್ತದೋ ಗೊತ್ತಿಲ್ಲ. ಇಲ್ಲವೇ ಅವಳ ಹೆಸರು ಕೆಡಿಸುವುದು. ಊರ ಕಡೆಯ ಜನ ಅವಳ ಕೈಯನ್ನು ನಂಬಿದ್ದು ಒಂದು ದಿನದಲ್ಲಲ್ಲ. ಅದನ್ನು ಕೆಡವಲು ನನ್ನ ಒಂದು ಮಾತು ಸಾಕಿತ್ತು, ಯಾಕೆಂದರೆ ನಾನು ಅವಳು ಸಾಕಿದವಳು.

ಡ್ಯೂಟಿ ಮುಗಿಸಿ ತಿಕೋಟಾಕ್ಕೆ ಹೋದೆ. ಚಾಚಾ ಯಂತ್ರದ ಮುಂದೆ ಕುಳಿತಿದ್ದ. ಚಾಚಿ ನೆಲದ ಮೇಲೆ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ನಾನು ಕೂರಲಿಲ್ಲ.

"ಚಾಚಾ, ದೊಡ್ಡವ್ವ ನಿಮಗ ಖರೆ ಹೇಳಿಲ್ಲ. ನಿಮ್ಮ ಹೊಟ್ಟಿ ಚಲೋ ಐತಿ ಅಂತ ಅಲ್ಲ, ನನ್ನ ಸಲುವಾಗಿ ಬ್ಯಾಡಂದಾಳ. ಆಕಿ ಮಾತು ಕೇಳಬ್ಯಾಡ್ರಿ."

ಯಂತ್ರ ನಿಂತಿತು. ಅವನು ನನ್ನನ್ನು ನೋಡಿದ ನೋಟ ಈಗಲೂ ಮರೆತಿಲ್ಲ. "ನಿನ್ನ ಸಾಕಿದಾಕಿ ಮ್ಯಾಲ ಈ ಮಾತು ಹೇಳಾಕ ಬಸ್ ಹತ್ತಿ ಬಂದಿಯಲ್ಲ ಬೇಟಿ. ಆಕೀಗಿ ನೀ ಇಲ್ಲ ಅಂದ್ರ, ನನಗ ಹೆಂಗ ಇರ್ತಿ?"

ಅವನ ಪಕ್ಕದಲ್ಲಿ ಹೊಲಿದು ಮುಗಿದ ಅಂಗಿಗಳ ರಾಶಿ ಇತ್ತು. ಎಲ್ಲವೂ ಒಳಗು ಹೊರಗಾಗಿ ತಿರುವಿದ್ದವು. "ಇವನ್ನ ಯಾಕ ತಿರುವಿ ಇಟ್ಟೀರಿ?" ಎಂದೆ.

"ಹೊಲಗಿ ನೋಡಾಕ."

"ನೀವ ಹೊಲದದ್ದಲ್ಲ? ನಂಬಿಗಿ ಇಲ್ಲೇನು?"

ಅವನು ಬಾಯಿ ತೆರೆಯುವ ಮೊದಲು ಚಾಚಿ ಹಲ್ಲಿನಲ್ಲಿ ದಾರ ಕಡಿದು ಹೇಳಿದಳು. "ನನ್ನ ಲಗ್ನ ಆದಾಗಿಂದ ನೋಡೇನಿ, ಉಲ್ಟಾ ಮಾಡಿ ನೋಡದ ಒಂದ ಅಂಗಿ ಗಿರಾಕಿ ಕೈಗೆ ಕೊಟ್ಟಿಲ್ಲ ಈ ಮನಿಶಾ. ತನ್ನ ಹೊಟ್ಟ್ಯಾಗಿನ ಅಸ್ತರ ನೋಡು ಅಂದ್ರ ಇಷ್ಟ ನಖರಾ. ನಾಳೆ ಮುಂಜಾನಿ ನಾ ಕರಕೊಂಡ ಬರ್ತೀನವ್ವಾ. ನೀ ಹೋಗು, ಬಸ್ ತಪ್ಪತೈತಿ."

ಬಂದರು. ಮೊದಲು ರಕ್ತ ಪರೀಕ್ಷೆ, ಕಾಂಟ್ರಾಸ್ಟ್ ಔಷಧ ತಡೆದುಕೊಳ್ಳುವಷ್ಟು ಮೂತ್ರಪಿಂಡ ಸರಿಯಿದೆಯೇ ಎಂದು. ಸರಿಯಿತ್ತು. ಬಲಗೈಗೆ ಸೂಜಿ ಹಾಕಿ ಸಲೈನ್ ಬಿಟ್ಟು ಪರೀಕ್ಷಿಸಿದೆ. ನರ ತಡೆಯಲಿಲ್ಲ, ಚರ್ಮದ ಕೆಳಗೆ ಗುಳ್ಳೆಯಂತೆ ಊದಿಕೊಂಡಿತು. ತೆಗೆದು, ಒತ್ತಿ ಹಿಡಿದು, ಎಡಗೈಯಲ್ಲಿ ಹುಡುಕಿದೆ. "ಜಿಂದಗಿ ಪೂರಾ ಸೂಜಿ ಚುಚ್ಚೇನಿ. ಇವತ್ತ ಅದು ಬದಲಾ ತಗೊಳ್ಳಾಕತ್ತೈತಿ" ಎಂದ ಚಾಚಾ. ಆ ದಿನ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

ಮೇಜಿನ ಮೇಲೆ ಮಲಗಿಸಿ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಸಿದೆ. ಔಷಧ ಹೋಗುವಾಗ ಮೈಯೆಲ್ಲ ಬಿಸಿಯಾಗುತ್ತದೆ, ಮೂತ್ರ ಹೋದಂತೆ ಅನಿಸುತ್ತದೆ, ಹೋಗಿರುವುದಿಲ್ಲ, ಹೆದರಬೇಡಿ ಎಂದೆ. ಈಚೆ ಬಂದು ಗಾಜಿನ ಹಿಂದೆ ಕುಳಿತೆ. ಆ ಗಾಜನ್ನು ದಿನವೂ ನೋಡುತ್ತೇನೆ. ಅಂದು ಅದು ದೊಡ್ಡವ್ವನ ಗಾಜಾಗಿ ಕಂಡಿತು.

ಮೊದಲ ಸುತ್ತು ಮುಗಿಯಿತು. ಕೊಳವೆ ತನ್ನ ಜಾಗದಲ್ಲೇ ಇತ್ತು, ಸರಿದಿರಲಿಲ್ಲ. ಆದರೆ ಉಬ್ಬು ಹಳೆಯ ಚಿತ್ರಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಅಳೆದೆ. ಮತ್ತೆ ಅಳೆದೆ. ಡಾಕ್ಟರು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಎರಡನೆಯ ಸುತ್ತಿಗೆ ಮಹಾಧಮನಿಯ ಮೇಲೆ ಗುರುತು ಇಟ್ಟು ಔಷಧ ಬಿಟ್ಟೆ. ಗುರುತಿನಲ್ಲಿ ಬಿಳುಪು ಏರಿದೊಡನೆ ಮೈಕಿನಲ್ಲಿ "ಉಸರ ಹಿಡೀರಿ ಚಾಚಾ" ಎಂದೆ. ಯಂತ್ರ ಓಡಿತು. "ಬಿಡ್ರಿ." ಕೊಳವೆಯ ಒಳಗೆ ಬೆಳ್ಳಗಿನ ರಕ್ತ, ಹೊರಗಿನ ಉಬ್ಬಿನಲ್ಲಿ ಕಪ್ಪು. ಸೋರಿಕೆ ಎಲ್ಲಿಯೂ ಇಲ್ಲ.

ಅದೇ ಹೊತ್ತಿಗೆ ಬಾಗಿಲು ಬಡಿದರು. ಬೈಕ್ ಅಪಘಾತ, ತಲೆಗೆ ಪೆಟ್ಟು, ಸ್ಟ್ರೆಚರ್ ಬಾಗಿಲಲ್ಲೇ ಇದೆ. ತಲೆಪೆಟ್ಟಿನವರನ್ನು ಕಾಯಿಸುವಂತಿಲ್ಲ. ಚಾಚಾನನ್ನು ಇಳಿಸಿದರೆ ಮೂರನೆಯ ಸುತ್ತು ಹೋಯಿತು. ಅದಕ್ಕಾಗಿ ಔಷಧ ಮತ್ತೆ ಬಿಡಬೇಕು, ಇನ್ನೊಂದು ದಿನ ಕರೆಸಬೇಕು, ಮತ್ತೆ ಬರುತ್ತಾನೆಂಬ ಭರವಸೆ ಯಾರಿಗಿತ್ತು? ನಾನು ಡಾಕ್ಟರ ಮುಖ ನೋಡಿದೆ. ಅವರು ಬಾಗಿಲಿಗೆ ಹೋಗಿ ಗಾಯಾಳುವಿನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಮಾತಾಡಿಸಿ, ಮರಳಿ ಬಂದರು. "ಎಚ್ಚರ ಅದಾನ. ಮುಗಸು."

ಕಾದೆವು. ಸಣ್ಣ ಹೊತ್ತು ಅದು. ಬಾಗಿಲ ಹೊರಗೆ ಯಾರೋ ನಮ್ಮನ್ನು ಬೈಯುತ್ತಿದ್ದರು. ಮೂರನೆಯ ಸುತ್ತು ಓಡಿಸಿದೆ.

ಉಬ್ಬಿನ ಹಿಂಭಾಗದಲ್ಲಿ, ಬೆನ್ನುಮೂಳೆಯ ಹತ್ತಿರ, ಕಪ್ಪಿನ ನಡುವೆ ಒಂದು ಮಸುಕು ಬಿಳುಪು. ನೀರಿನಲ್ಲಿ ಬಿದ್ದ ಹಾಲಿನ ಹನಿಯಷ್ಟು. ಡಾಕ್ಟರು ಬೆರಳಿಟ್ಟು ತೋರಿಸಿದರು, ನಾನು ತಲೆಯಾಡಿಸಿದೆ. ಬೆನ್ನಿನ ಕಡೆಯ ನಾಳದಿಂದ ರಕ್ತ ಹಿಂದಕ್ಕೆ ಬರುತ್ತಿತ್ತು, ಉಬ್ಬು ಬೆಳೆಯುತ್ತಿತ್ತು.

ಒಳಗೆ ಹೋಗಿ ಚಾಚಾನ ಕೈ ಇಳಿಸಿದೆ. ಡಾಕ್ಟರು ಅವನ ಹೊಟ್ಟೆಯ ಮೇಲೆ ಮೆಲ್ಲಗೆ ಅಂಗೈ ಇಟ್ಟು, "ಉಬ್ಬಿನ ಬಡಿತ ಕೈಗೂ ಸಿಗತೈತಿ ನೋಡು" ಎಂದು ನನಗೆ ಹೇಳಿದರು. ನಾನೂ ನಾಲ್ಕು ಬೆರಳು ಇಟ್ಟೆ, ಚಿಕ್ಕಂದಿನಿಂದ ನೋಡಿದ ರೀತಿಯಲ್ಲಿ. ಹೊಕ್ಕುಳದ ತುಸು ಎಡಕ್ಕೆ, ಆಳದಲ್ಲಿ, ಬಡಿಯುತ್ತಿತ್ತು. ನನ್ನ ಕಲಿಯದ ಬೆರಳಿಗೂ ಸಿಕ್ಕಿತು. ಸೆರಗಿನಲ್ಲಿ ಸುತ್ತಿದ ಆ ಕೈ ನೆನಪಾಯಿತು. ನಾನು ಬೆರಳು ತೆಗೆದೆ.

"ಏನಾತು ಬೇಟಿ? ಹೊಲಗಿ ಬಿಟ್ಟೈತೇನು?"

"ನಿಮ್ಮ ಅಸ್ತರ ಚಲೋ ಐತಿ ಚಾಚಾ. ಹಿಂದಿನ ಕಡಿಂದ ಸೋರಾಕತ್ತೈತಿ. ಮುಚ್ಚತಾರ."

ಮುಚ್ಚಿದರು. ಸರ್ಜನ್ ಅದೇ ವಾರ ಕರೆಸಿಕೊಂಡು, ಸಣ್ಣ ನಾಳದೊಳಗೆ ತಂತಿಯ ಸುರುಳಿ ಬಿಟ್ಟು ದಾರಿ ಬಂದ್ ಮಾಡಿದರು. ಇನ್ನೂ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಯಾರೂ ಖಚಿತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲಿನ ಸ್ಕ್ಯಾನಿನಲ್ಲಿ ಉಬ್ಬು ಬೆಳೆದಿರಲಿಲ್ಲ, ಮೂರನೆಯ ಸುತ್ತಿನಲ್ಲೂ ಕಪ್ಪು ಕಪ್ಪಾಗಿಯೇ ಇತ್ತು. ತಿಕೋಟಾ ಕಡೆಯ ಉಳಿದವರೂ ಬಂದರು. ಅವರಲ್ಲಿ ಸೋರಿಕೆ ಇರಲಿಲ್ಲ.

ನಾನು ಚಾಚಾನ ಅಂಗಡಿಯಲ್ಲಿ ಆಡಿದ ಮಾತು ಬಿಜ್ಜರಗಿಗೆ ನಡೆದು ಹೋಯಿತು. ದೊಡ್ಡವ್ವನ ಕಟ್ಟೆಗೆ ಮುಂಜಾನೆ ಬರುವವರು ಕಡಿಮೆಯಾದರು. ಅವ್ವ ಕುರಿ ಹಟ್ಟಿಯಿಂದ ಫೋನ್ ಮಾಡಿ ಬೈದಳು. "ಹಡದಾಕಿ ನಾ ಇರಬೋದು, ನಿನ್ನ ಮನಶಾಳನ್ನ ಮಾಡಿದಾಕಿ ಆಕಿ. ಊರ ಮುಂದ ಆಕಿ ಮಾನಾ ಕಳದಿಯಲ್ಲ ಬೇ." ಚಾಚಾನಿಗೆ ಸೋರಿಕೆ ಇತ್ತು ಎಂದೆ. "ಇರ್ಲಿ. ಆಕೀಗೇನ ಗೊತ್ತಿತ್ತು? ಕೈಗೆ ಹತ್ತಲಿಲ್ಲ ಅಂತ ಹೇಳ್ಯಾಳಲ್ಲ" ಎಂದಳು ಅವ್ವ. ನನ್ನ ಬೆರಳಿಗೆ ಗೊತ್ತಿದ್ದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ದೊಡ್ಡವ್ವನ ಹೆಸರು ಪೂರ್ತಿ ಹೋಗುತ್ತಿತ್ತು. ಹಬ್ಬಕ್ಕೂ ಬಿಜ್ಜರಗಿಗೆ ಹೋಗಲಿಲ್ಲ. ಫೋನೂ ಮಾಡಲಿಲ್ಲ. ಅವಳೂ ಮಾಡಲಿಲ್ಲ.

ಸರ್ಜನ್‌ರ ಆಸ್ಪತ್ರೆಯಲ್ಲಿ ಇಂಥ ಕೊಳವೆ ಹಾಕಿಸಿಕೊಂಡವರ ಸ್ಕ್ಯಾನ್ ಬಗ್ಗೆ ಒಂದು ತರಬೇತಿ ನಡೆಯಿತು. ನಮ್ಮ ಡಾಕ್ಟರು ನನ್ನ ಹೆಸರು ಕಳಿಸಿದರು. ಹೋಗಿ ಕಲಿತು ಬಂದೆ. ಈಗ ಈ ರೋಗಿಗಳನ್ನು ಕರೆಸುವ, ಮೂರು ಸುತ್ತು ಮುಗಿಸುವ, ಹಳೆಯ ಚಿತ್ರದೊಡನೆ ಅಳತೆ ಕೂಡಿಸುವ ಕೆಲಸ ಅಧಿಕೃತವಾಗಿ ನನ್ನದು. ಪ್ರಮಾಣಪತ್ರ ಅಂಚೆಯಲ್ಲಿ ಬಂತು. ಚೌಕಟ್ಟು ಹಾಕಿಸಿ ಇಲ್ಲೇ ಗೋಡೆಗೆ ಹಾಕೋಣ ಎಂದರು ಡಾಕ್ಟರು. ಮೂಲೆ ಖಾಲಿಯಿತ್ತು. ಬ್ಯಾಗಿನಲ್ಲಿಟ್ಟುಕೊಂಡೆ.

ಭಾನುವಾರ ಬಿಜ್ಜರಗಿಗೆ ಹೋದೆ. ದೊಡ್ಡವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಎದುರಿಗೆ ಯಾರೂ ಇರಲಿಲ್ಲ. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ, ಸರಿದು ಜಾಗ ಬಿಟ್ಟಳು. ನಾನು ಕಾಗದ ತೆಗೆದು ಅವಳ ಕೈಗೆ ಕೊಟ್ಟೆ.

"ಏನಂತ ಬರದೈತಿ?"

"ರಿಪೇರಿ ಮಾಡಿದ ಮ್ಯಾಲ ಸೋರಾಕತ್ತೈತೋ ಇಲ್ಲೋ ನೋಡಾಕ ಕಲತಾಳ ಅಂತ."

ಅವಳು ಒಳಗೆ ಹೋದಳು. ಭಂಡಾರದ ಬಟ್ಟಲು ತಂದು ನಮ್ಮಿಬ್ಬರ ನಡುವೆ ಇಟ್ಟಳು. ಹೆಬ್ಬೆರಳು ಬಟ್ಟಲಿನ ಮೇಲೆ ತಂದವಳು ಅದ್ದಲಿಲ್ಲ. ಕೈಯನ್ನು ಹಿಂದೆ ತೆಗೆದು, ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು, ಯಾರದೋ ಕೈ ಎಂಬಂತೆ ನೋಡಿದಳು. ಆಮೇಲೆ ಕಾಗದವನ್ನು ಗುರುತಿಲ್ಲದೆ ಹಾಗೆಯೇ ನನ್ನ ಕಡೆ ಸರಿಸಿದಳು.

"ಕೈ ಸುಳ್ಳ ಹೇಳಿದ್ದಿಲ್ಲವ್ವಾ. ಹತ್ತಿತ್ತು ಕೈಗೆ. ಸುಳ್ಳ ಹೇಳಿದಾಕಿ ನಾನ."